ಗೋಡೆಯ ಮೇಲೆ ಬೀಳದವರು

ನಿನೆವೆಯ ಅರಮನೆಯ ಹಿಂಬಾಗಿಲಲ್ಲಿ ಜವೆಗೋಧಿ ಹಂಚುತ್ತಿದ್ದರು. ಸಾಲಿನಲ್ಲಿ ನನ್ನ ಮುಂದೆ ಮೈಯೆಲ್ಲ ಕಲ್ಲಿನ ಪುಡಿ ಮೆತ್ತಿಕೊಂಡ ಶಿಲ್ಪಿ ಎರಿಬಾ, ಅವನ ಮುಂದೆ ಅವನ ಕೇರಿಯ ದಮ್ಕಾ. ಹೋದ ವರ್ಷದ ದಂಡಯಾತ್ರೆಯಲ್ಲಿ ಅವಳ ಮಗ ಸತ್ತಿದ್ದ.

"ಏನೋ ಎರಿಬಾ, ಅರಮನೆ ಗೋಡೆ ಮೇಲೆ ಆ ಯುದ್ಧ ಕೆತ್ತೋದು ಮುಗೀತಾ?"

"ಮುಗೀತಾ ಬಂತು, ದಮ್ಕಕ್ಕಾ. ನಿನ್ನ ಮಗ ಶುಲ್ಮೂನೂ ಇದಾನೆ ಅದರಲ್ಲಿ. ಕೋಟೆಗೆ ಏಣಿ ಹಾಕಿ ಹತ್ತುತಿದಾನೆ."

"ಅವನೇ ಅಂತ ಹೆಂಗೆ ಗುರುತು ಹಿಡೀಲಿ?"

"ಎಲ್ಲರಿಗೂ ಒಂದೇ ಮುಖ, ಒಂದೇ ಗುಂಗುರು ಗಡ್ಡ ಅಕ್ಕಾ. ಮೂರನೇ ಮೆಟ್ಟಿಲಲ್ಲಿ ಇರೋನು ಅವನು ಅಂದ್ಕೋ."

"ನನ್ನ ಮಗನಿಗಿನ್ನೂ ಗಡ್ಡಾನೇ ಬಂದಿರಲಿಲ್ಲ. ಆ ಏಣಿಯಿಂದ ಬಿದ್ದೇ ಅಲ್ವೇನೋ ಅವನು ಸತ್ತಿದ್ದು?"

"ಗೋಡೆ ಮೇಲೆ ನಮ್ಮೋರು ಬೀಳೋ ಹಂಗಿಲ್ಲ. ಒಬ್ಬನಿಗೂ ಒಂದು ಗೀರು ಗಾಯ ಇರಬಾರ್ದು. ಅರಮನೆ ಕಟ್ಟಪ್ಪಣೆ."

"ಹಂಗಾದ್ರೆ ಯಾರೂ ಸಾಯೋದೇ ಇಲ್ವಾ ಅಲ್ಲಿ?"

"ಸಾಯ್ತಾರೆ. ಶತ್ರುಗಳು ಸಾಯ್ತಾರೆ."

"ಸರಿ ಮತ್ತೆ. ಅವನ ತಲೆ ಮೇಲಿರೋ ನಮ್ಮೋರ ಚೂಪು ಟೊಪ್ಪಿಗೆ ಕೆತ್ತಿ ತೆಗಿ. ಶತ್ರು ಅಂತಾನೇ ಕೆಳಗೆ ಬೀಳಿಸು. ನನ್ನ ಮಗ ಸತ್ತ ಅಂತ ಒಂದು ಕಲ್ಲಾದ್ರೂ ಹೇಳಲಿ."

"ಮೆಲ್ಲಗೆ ಅಕ್ಕಾ! ಕಾವಲಿನೋರ ಕಿವಿಗೆ ಬಿದ್ರೆ ನನ್ನ ಕೈ ಕತ್ತರಿಸ್ತಾರೆ."

ಅಷ್ಟರಲ್ಲಿ ಅಳೆಯುವವನು ದಮ್ಕಾಳ ಚೀಲಕ್ಕೆ ಜವೆ ಸುರಿದ. ಅವಳು ಅದರ ಬಾಯಿ ಕಟ್ಟಿ ಹೆಗಲಿಗೆ ಹಾಕಿಕೊಂಡಳು.

"ಕತ್ತರಿಸಿದ್ರೆ ಕತ್ತರಿಸಲಿ ಬಿಡಪ್ಪಾ. ಗೋಡೆ ಮೇಲೆ ನಿಂಗೆ ಎರಡೂ ಕೈ ಇರ್ತವೆ."

ಹಾಗೆಂದವಳು ಹಿಂತಿರುಗಿ ನೋಡದೆ ನದಿಯ ಕಡೆಗೆ ನಡೆದಳು.