ಮುಡಿಪಿನಲ್ಲಿ ಇಟ್ಟ ಹನ್ನೆರಡು ಪದಗಳು

ಹೆಸರು ಜಯಶೀಲ, ತಂದೆ ದಿವಂಗತ ಗುರುವಪ್ಪ, ವಯಸ್ಸು 52 ವರ್ಷ, ಉದ್ಯೋಗ ಡೊಂಬಿವಲಿ ಪೂರ್ವದ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಮ್ಯಾನೇಜರ್, ವಾಸ ಅದೇ ಹೋಟೆಲಿನ ಹಿಂದಿನ ಚಾಳಿನ ಕೋಣೆ ನಂಬರ್ 9, ಮೂಲ ಊರು ಉಡುಪಿ ಜಿಲ್ಲೆ ಕಾರ್ಕಳ ತಾಲೂಕು. ಈ ದಿನ ತಾರೀಖು 14-06-2018 ಗುರುವಾರ, ಮಧ್ಯಾಹ್ನ 3 ಗಂಟೆ 5 ನಿಮಿಷಕ್ಕೆ ಪೊಲೀಸ್ ಠಾಣೆಗೆ ಖುದ್ದು ಬಂದು ತಿಳಿಸುವುದೇನೆಂದರೆ:

ನನ್ನ ತಂಗಿ ಜಯಲತಾಳ ಮಗ ಅಕ್ಷಿತ್‌ನನ್ನು ಮೂರು ದಿನದಿಂದ ಸೀವುಡ್ಸ್ ಕಡೆ ಹಿಡಿದಿಟ್ಟಿದ್ದಾರೆ. ಮೊದಲು ಅಲ್ಲಿಗೆ ಜೀಪು ಕಳಿಸಿ, ಆಮೇಲೆ ಬರೆಯಿರಿ ಎಂದು ಬಂದ ಕೂಡಲೇ ಹೇಳಿದೆ. ಅದು ನವಿ ಮುಂಬಯಿಯ ಹದ್ದಿಗೆ ಬರುತ್ತದೆ, ಇಲ್ಲಿಂದ ಕಾಗದ ಹೋಗಬೇಕು, ಕಾಗದ ಹೋಗಬೇಕಾದರೆ ಹೇಳಿಕೆ ಕ್ರಮವಾಗಿರಬೇಕು ಎಂದು ಹವಾಲ್ದಾರರು ಹೇಳಿದರು. ನನಗೆ ಮರಾಠಿ ಬರೆಯಲು ಬರುವುದಿಲ್ಲ. ಹವಾಲ್ದಾರರು ಅಕ್ಕಲಕೋಟೆ ಕಡೆಯವರು, ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದಾರೆ. ಅಕ್ಷರ ಚೆನ್ನಾಗಿದೆ. ಆದರೆ ಬಹಳ ನಿಧಾನ.

ಜಯಲತಾಳ ಗಂಡ 2009ರಲ್ಲಿ ತೀರಿಕೊಂಡರು. ನಮ್ಮಲ್ಲಿ ತಂಗಿಯ ಮಕ್ಕಳ ಜವಾಬ್ದಾರಿ ಮಾವನದು, ಹಾಗಾಗಿ ಅಕ್ಷಿತ್‌ನನ್ನು ಓದಿಸಿದ್ದು ನಾನೇ. ಅವನಿಗೆ ಈಗ 24 ವರ್ಷ, ಮಹಾಪೆಯ ಒಂದು ಕಂಪ್ಯೂಟರ್ ಕಂಪೆನಿಯಲ್ಲಿ ಕೆಲಸ. ಎರಡು ವರ್ಷದಿಂದ ಬಿಟ್‌ಕಾಯಿನ್ ಹುಚ್ಚು ಹತ್ತಿಸಿಕೊಂಡಿದ್ದ. ತನ್ನದಲ್ಲದೆ ಇನ್ನೂ ಆರು ಮಂದಿಯದನ್ನು ಅವನೇ ನೋಡಿಕೊಳ್ಳುತ್ತಿದ್ದ. ಅವರಲ್ಲಿ ಪೃಥ್ವಿರಾಜ್ ಎಂಬವನದು ಅರ್ಧಕ್ಕಿಂತ ಹೆಚ್ಚು. ಈ ಪೃಥ್ವಿರಾಜ್‌ಗೆ ಸುಮಾರು 35 ವರ್ಷ, ಸೀವುಡ್ಸ್‌ನಲ್ಲಿ ಆಫೀಸು ಉಂಟು. ಏನು ವ್ಯವಹಾರ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಅವನೂ ನಮ್ಮ ಕಡೆಯವನೇ, ಹುಟ್ಟಿ ಬೆಳೆದದ್ದು ನೆರೂಳಿನಲ್ಲಿ.

ತಾರೀಖು 15-04-2018 ಭಾನುವಾರ ನಾನು ತಂಗಿಯ ಮನೆಗೆ ಊಟಕ್ಕೆ ಹೋಗಿದ್ದೆ. ಅಕ್ಷಿತ್ ಬೆಳಿಗ್ಗೆ 10 ಗಂಟೆಯಿಂದ ಲ್ಯಾಪ್‌ಟಾಪ್ ಮತ್ತು ಫೋನು ಹಿಡಿದು ಕೂತಿದ್ದ. ಊಟಕ್ಕೆ ಮೂರು ಸಲ ಕರೆಯಬೇಕಾಯಿತು. ಬ್ಯಾಂಕಿನವರು ಇದಕ್ಕೆಲ್ಲ ಬಾಗಿಲು ಹಾಕುತ್ತಿದ್ದಾರೆ, ಏಳು ಮಂದಿಯದು ಏಳು ಕಡೆ ಇದ್ದರೆ ಕಷ್ಟ, ಎಲ್ಲವನ್ನೂ ಒಂದೇ ಆ್ಯಪಿನ ವಾಲೆಟ್‌ಗೆ ತರುತ್ತಿದ್ದೇನೆ ಎಂದ. ಅವನು ನನ್ನ ಹತ್ತಿರ ಹಿಂದಿಯಲ್ಲೇ ಮಾತಾಡುವುದು. "ಮಾಮ, ಸಬ್ ಏಕ್ ಜಗಹ್, ಟೆನ್ಶನ್ ಖತಮ್" ಎಂದ. ಏಳು ಡಬ್ಬಿಯ ಅಕ್ಕಿಯನ್ನು ಒಂದೇ ಡ್ರಮ್ಮಿಗೆ ಸುರಿದರೆ ಹುಳ ಬಿದ್ದಾಗ ಎಲ್ಲದಕ್ಕೂ ಬೀಳುತ್ತದೆ ಎಂದು ನಾನು ಹೇಳಿದೆ. ಅವನು ನಕ್ಕ. ಸಂಜೆ 4.30ಕ್ಕೆ ಕೆಲಸ ಮುಗಿಯಿತು.

ಆ ಆ್ಯಪು ಅವನಿಗೆ ಹನ್ನೆರಡು ಇಂಗ್ಲಿಷ್ ಪದ ಕೊಟ್ಟಿತ್ತು. ಫೋನು ಹೋದರೆ ಆ ಪದಗಳನ್ನು ಅದೇ ಕ್ರಮದಲ್ಲಿ ಬೇರೆ ಫೋನಿನಲ್ಲಿ ಹಾಕಿದರೆ ವಾಲೆಟ್ ತೆರೆಯುತ್ತದೆ, ಇಲ್ಲವಾದರೆ ಬ್ರಹ್ಮ ಬಂದರೂ ತೆರೆಯುವುದಿಲ್ಲ. ಫೋಟೊ ತೆಗೆಯಬಾರದು, ಕಾಗದದಲ್ಲಿ ಬರೆದು ಭದ್ರವಾಗಿಡಬೇಕು ಎಂದು ಆ್ಯಪಿನಲ್ಲೇ ಹೇಳಿದ್ದರಂತೆ. ಅವನು ಬರೆದು ತಾಯಿಯ ಕೈಗೆ ಕೊಟ್ಟು, ಯಾರೂ ಮುಟ್ಟದ ಜಾಗದಲ್ಲಿ ಇಡು ಎಂದ.

ಯಾರೂ ಮುಟ್ಟದ ಜಾಗ ಎಂದರೆ ನಮ್ಮ ಮನೆಗಳಲ್ಲಿ ಒಂದೇ. ಅಕ್ಷಿತ್‌ಗೆ ಹಿಂದಿನ ವರ್ಷ ಕಾಮಾಲೆ ಆದಾಗ ಜಯಲತಾ ಊರಿನ ದೇವಿಗೆ ಹರಕೆ ಹೊತ್ತು, ಅರಶಿನ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ದೇವರ ಮುಂದೆ ಮುಡಿಪು ಇಟ್ಟಿದ್ದಳು. ಮುಡಿಪನ್ನು ದೇವರಿಗೆ ಒಪ್ಪಿಸುವವರೆಗೆ ಯಾರೂ ಬಿಚ್ಚುವುದಿಲ್ಲ, ಕಳ್ಳ ಬಂದರೂ ಹೆದರುತ್ತಾನೆ. ಅವಳು ಆ ಕಾಗದವನ್ನು ಮಡಚಿ ಮುಡಿಪಿನ ಗಂಟಿನ ಒಳಗೆ ತುರುಕಿದಳು. ಇದು ನನಗೆ ಆಗ ಗೊತ್ತಿರಲಿಲ್ಲ.

ತಾರೀಖು 04-05-2018ರಂದು ನಾನು ಊರಿಗೆ ಹೊರಟೆ. ಜಯಲತಾ ತನ್ನ ಮಗಳು ಅನುಷ್ಕಾಳ ಬಾಣಂತನಕ್ಕೆ ಠಾಣೆ ಶಹರದ ವರ್ತಕ ನಗರಕ್ಕೆ ಹೋಗಿದ್ದಳು, ಅಕ್ಷಿತ್ ಕೆಲಸಕ್ಕೆ ಹೋಗಿದ್ದ. ಮನೆಯ ಒಂದು ಬೀಗದಕೈ ನನ್ನಲ್ಲಿ ಇರುತ್ತದೆ. ಊರಿಗೆ ಹೋಗುವವರು ಮನೆಮಂದಿಯ ಮುಡಿಪನ್ನು ಕೇಳದೆಯೇ ಒಯ್ಯುವುದು ನಮ್ಮಲ್ಲಿ ರೂಢಿ. ಒಯ್ಯದಿದ್ದರೆ ಬೇಸರ ಮಾಡಿಕೊಳ್ಳುತ್ತಾರೆ. ನಾನು ಕೈಕಾಲು ತೊಳೆದು ಮುಡಿಪು ತೆಗೆದುಕೊಂಡೆ. ತಾರೀಖು 06-05-2018ರಂದು ಬೆಳಿಗ್ಗೆ 8.20ಕ್ಕೆ ನನ್ನ ಈ ಕೈಯಿಂದಲೇ ದೇವಸ್ಥಾನದ ಹುಂಡಿಗೆ ಹಾಕಿದೆ. ತಂಗಿಗೆ ಫೋನು ಮಾಡಿ ಹರಕೆ ಸಂದಿತು ಎಂದೆ. ಒಳ್ಳೇದಾಯ್ತು ಅಣ್ಣ ಎಂದಳು. ಮಗುವಿನ ಗದ್ದಲದಲ್ಲಿ ಅವಳಿಗೂ ಕಾಗದದ ನೆನಪಾಗಲಿಲ್ಲ.

ತಾರೀಖು 21-05-2018ರಂದು ಸಂಜೆ 7.50ಕ್ಕೆ ಅಕ್ಷಿತ್ ಠಾಣೆ ಸ್ಟೇಷನ್ನಿಂದ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಬರುವಾಗ, ಕಳವಾ ಮುಂಬ್ರಾ ನಡುವೆ ಹಳಿಯ ಪಕ್ಕ ನಿಂತಿದ್ದವನೊಬ್ಬ ಕೋಲಿನಿಂದ ಅವನ ಕೈಗೆ ಹೊಡೆದು ಫೋನು ಬೀಳಿಸಿಕೊಂಡ. ರೈಲ್ವೆ ಪೊಲೀಸರಿಗೆ ದೂರು ಕೊಟ್ಟ ಚೀಟಿ ಇದರ ಜೊತೆಗೆ ಇಟ್ಟಿದ್ದೇನೆ. ಕೈ ಊದಿತ್ತು, ಆದರೂ ಅವನು ಹೆದರಲಿಲ್ಲ, ಕಾಗದ ಇದೆಯಲ್ಲ ಎಂದ. ಮರುದಿನ ಜಯಲತಾ ವರ್ತಕ ನಗರದಿಂದ ಬಂದು ದೇವರ ಕೋಣೆಗೆ ಹೋದಳು. ಅಲ್ಲಿಂದಲೇ ನನಗೆ ಫೋನು ಮಾಡಿ, ಕಾಗದ ಮುಡಿಪಿನ ಒಳಗಿತ್ತು ಅಣ್ಣ ಎಂದಳು.

ದೇವಸ್ಥಾನದ ಗುಮಾಸ್ತ ಪುಂಡರೀಕಾಕ್ಷ ಎಂಬವರಿಗೆ ಫೋನು ಮಾಡಿದೆ. ಹುಂಡಿ ತಾರೀಖು 12-05-2018ರಂದೇ ತೆರೆದಾಗಿದೆ, ಭಕ್ತರು ದೇವಿಗೆ ಬರೆದು ಹಾಕುವ ಕಾಗದಗಳನ್ನು ಯಾರೂ ಓದುವ ಕ್ರಮವಿಲ್ಲ, ಅದೇ ದಿನ ಹೊಳೆಗೆ ಬಿಡುತ್ತೇವೆ ಎಂದು ಅವರು ಹೇಳಿದರು. ದೇವಿಗೆ ಮುಟ್ಟಿದೆ, ಚಿಂತೆ ಮಾಡಬೇಡಿ ಎಂದೂ ಹೇಳಿದರು.

ತಾರೀಖು 28-05-2018ರಿಂದ ಪೃಥ್ವಿರಾಜ್ ದಿನಾ ಬೆಳಿಗ್ಗೆ 11.10ಕ್ಕೆ ನಮ್ಮ ಹೋಟೆಲಿಗೆ ಬರತೊಡಗಿದ. ಗಲ್ಲಾದಿಂದ ಎಂಟು ಅಡಿ ದೂರದ ಮೇಜಿನಲ್ಲಿ ನನಗೆ ಮುಖ ಮಾಡಿ ಕೂರುತ್ತಿದ್ದ. ಎರಡು ಇಡ್ಲಿ, ಒಂದು ಕಾಫಿ. ಅರ್ಧ ಗಂಟೆ ನನ್ನನ್ನೇ ನೋಡಿ, ಬಿಲ್ಲು ಕೊಟ್ಟು, ಬರ್ತೇನೆ ಮಾಮ ಎಂದು ಹೇಳಿ ಹೋಗುತ್ತಿದ್ದ. ನನ್ನನ್ನು ಮಾಮ ಎಂದು ಕರೆಯುವುದು ಅಕ್ಷಿತ್ ಮತ್ತು ಅನುಷ್ಕಾ ಮಾತ್ರ. ಒಂದು ದಿನ ಕಾಗದ ಎಲ್ಲಿ ಎಂದು ಅವನು ಕೇಳಿದಾಗ, ಮುಡಿಪಿನ ಸಂಗತಿಯನ್ನು ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಕಥೆ ಚೆಂದ ಉಂಟು ಮಾಮ. ಕಾಗದ ನಿಮ್ಮ ಹತ್ರ ಉಂಟು" ಎಂದ.

ತಾರೀಖು 11-06-2018 ಸೋಮವಾರ ಅಕ್ಷಿತ್ ಕೆಲಸದಿಂದ ಮನೆಗೆ ಬರಲಿಲ್ಲ. ಮರುದಿನ ಬೆಳಿಗ್ಗೆ 6.15ಕ್ಕೆ ಪೃಥ್ವಿರಾಜ್‌ನ ನಂಬರಿನಿಂದ ಅಕ್ಷಿತ್‌ನ ಧ್ವನಿ ಬಂತು. ಹನ್ನೆರಡು ವರ್ಷದಿಂದ ಹಿಂದಿ ಬಿಟ್ಟು ಬೇರೆ ಮಾತಾಡದ ಹುಡುಗ ತುಳುವಿನಲ್ಲಿ ಮಾತಾಡಿದ. ಕಾಗದ ಕೊಟ್ಟುಬಿಡಿ ಮಾಮ ಎಂದ. ಕಾಗದ ಇಲ್ಲವೆಂದು ಅವನಿಗೂ ಗೊತ್ತು. ಪಕ್ಕದಲ್ಲಿ ನಿಂತು ಹೇಳಿಸುತ್ತಿದ್ದಾರೆ ಎಂದು ನನಗೆ ತಿಳಿಯಿತು. ಪೊಲೀಸರ ಹತ್ತಿರ ಹೋದರೆ ಹುಡುಗನನ್ನು ಮರೆತುಬಿಡಿ ಎಂದು ಆಮೇಲೆ ಪೃಥ್ವಿರಾಜ್ ಹೇಳಿದ. ಎರಡು ದಿನ ನಾನು ಬಾರದಿರಲು ಅದೇ ಕಾರಣ.

ನಿನ್ನೆ ಮಧ್ಯಾಹ್ನ 3 ಗಂಟೆಗೆ ನಾನು ಒಂದು ತಪ್ಪು ಮಾಡಿದ್ದೇನೆ. ಅಕ್ಷಿತ್‌ನ ಒಂದನೇ ಕ್ಲಾಸಿನ ಇಂಗ್ಲಿಷ್ ಚಿತ್ರಪುಸ್ತಕ ನನ್ನ ಪೆಟ್ಟಿಗೆಯಲ್ಲಿತ್ತು. ಅದರಿಂದ ಹನ್ನೆರಡು ಪದ ಆರಿಸಿ, ಹಳೆಯ ಕಾಗದದಲ್ಲಿ ಅವನ ಅಕ್ಷರದಂತೆ ಬರೆದೆ. ಅರಶಿನ ಕುಂಕುಮ ತಿಕ್ಕಿ, ಗಂಟಿನಲ್ಲಿದ್ದಂತೆ ಮಡಚಿದೆ. ಕಾಗದ ಕೈಗೆ ಬಂದ ಕೂಡಲೇ ಹುಡುಗನನ್ನು ಬಿಡುತ್ತಾರೆ, ಸುಳ್ಳು ತಿಳಿಯುವಷ್ಟರಲ್ಲಿ ಅವನನ್ನು ಊರಿನ ಗಾಡಿ ಹತ್ತಿಸಬಹುದು ಎಂದು ನನ್ನ ಲೆಕ್ಕ. ದೇವಸ್ಥಾನದವರು ಕಾಗದ ಹುಡುಕಿ ಕೊರಿಯರ್ ಮಾಡಿದರು ಎಂದು ಫೋನಿನಲ್ಲಿ ಪೃಥ್ವಿರಾಜ್‌ಗೂ, ಮನೆಯಲ್ಲಿ ತಂಗಿಗೂ ಹೇಳಿದೆ. ಅವಳು ಅದನ್ನು ದೇವರ ಮುಂದೆ ಇಟ್ಟು ದೀಪ ಹಚ್ಚಿದಳು. ನೋಡಲಾಗದೆ ನಾನು ಹೊರಗೆ ನಿಂತೆ.

ಈ ದಿನ ಮಧ್ಯಾಹ್ನ 2.10ಕ್ಕೆ ಕಲ್ಯಾಣ ಪಶ್ಚಿಮದ ಸ್ಕೈವಾಕಿನ ಮೇಲೆ ಪೃಥ್ವಿರಾಜ್ ಒಬ್ಬನೇ ಬಂದ. ಕಾಗದ ಕೊಟ್ಟೆ. ಅವನು ಬಿಚ್ಚಿ ನೋಡಿದ, ಮೂಸಿದ, ಆಮೇಲೆ ಚಪ್ಪಲಿ ಕಳಚಿ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಅಕ್ಷಿತ್ ಎಲ್ಲಿ ಎಂದು ಕೇಳಿದೆ. "ಆಫೀಸಿಗೆ ಹೋಗಿ ಹಾಕಿ ನೋಡುವಾ. ತೆರೆದ್ರೆ ಸಂಜೆ ಮನೆಗೆ ಬರ್ತಾನೆ. ದೇವಿಯ ಹೆಸರಲ್ಲಿ ಯಾರಾದ್ರೂ ಸುಳ್ಳು ಹೇಳ್ತಾರಾ ಮಾಮ" ಎಂದು ನನ್ನ ಭುಜ ತಟ್ಟಿ ಹೋದ. ನನ್ನ ಲೆಕ್ಕ ತಲೆಕೆಳಗಾಯಿತು ಎಂದು ಅಲ್ಲೇ ಗೊತ್ತಾಯಿತು. 2.24ರ ಗಾಡಿ ಹಿಡಿದು ನೇರ ಈ ಪೊಲೀಸ್ ಠಾಣೆಗೆ ಬಂದಿದ್ದೇನೆ.

ಕಲ್ಯಾಣದಿಂದ ಸೀವುಡ್ಸ್‌ಗೆ ಕಾರಿನಲ್ಲಿ ಒಂದೂವರೆ ಗಂಟೆ, ಶೀಳ್‌ಫಾಟಾದಲ್ಲಿ ಟ್ರಾಫಿಕ್ ಇದ್ದರೆ ಎರಡು ಗಂಟೆ. ಹನ್ನೆರಡು ಪದ ಹಾಕಲು ಎರಡು ನಿಮಿಷ ಸಾಕು. ಠಾಣೆಯ ಗಡಿಯಾರದಲ್ಲಿ ಈಗ 4 ಗಂಟೆ 20 ನಿಮಿಷ. ಸುಳ್ಳು ಕಾಗದ ಮಾಡಿದ್ದಕ್ಕೆ ನನ್ನ ಮೇಲೆ ಯಾವ ಕೇಸು ಬೇಕಾದರೂ ಹಾಕಿ, ನಾನು ಇಲ್ಲೇ ಕೂರುತ್ತೇನೆ. ಜೀಪು ಕಳಿಸಿ.

ಬರೆದದ್ದನ್ನು ಹವಾಲ್ದಾರರು ಓದಿ ಹೇಳುತ್ತಿದ್ದಾಗ 4.31ಕ್ಕೆ ಜಯಲತಾಳ ಫೋನು ಬಂತು. "ಅಣ್ಣ, ರಾತ್ರಿಗೆ ಅಕ್ಕಿ ಎಷ್ಟು ಜನಕ್ಕೆ ಹಾಕುದು?" ಎಂದು ಕೇಳಿದಳು. ಅವಳು, ನಾನು, ಅಕ್ಷಿತ್ ಎಂದು ಲೆಕ್ಕ ಹಾಕಿ, ಮೂರು ಜನಕ್ಕೆ ಹಾಕು ಎಂದೆ. ಇದನ್ನೂ ಬರೆಯಬೇಕೇ ಎಂದು ಹವಾಲ್ದಾರರು ಕೇಳಿದರು. ಬರೆಯಿರಿ ಎಂದೆ. ತಂಗಿಗೆ ಹೇಳಿದ ಆ ಮಾತು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಅದೊಂದನ್ನು ಬಿಟ್ಟು, ಇದರಲ್ಲಿ ಬರೆಸಿದ್ದೆಲ್ಲ ನಾನು ಹೇಳಿದಂತೆಯೇ ಇದೆ, ನನ್ನ ತಿಳುವಳಿಕೆಯಂತೆ ಸತ್ಯವಾಗಿದೆ.

ಸ್ಥಳ: ಡೊಂಬಿವಲಿ ಪೂರ್ವ
ತಾರೀಖು: 14-06-2018, ಸಮಯ ಸಂಜೆ 4.36
ಸಹಿ: ಜಯಶೀಲ