ಅಧ್ಯಕ್ಷರ ಗುಂಡಿಗೆ

ಅಯ್ಯಯ್ಯೋ, ಏನು ತಣ್ಣಗಿದೆ ಕಣಮ್ಮಾ! ಎದೆಗೆ ಏನು ಬಳಿದೆ, ಮಂಜುಗಡ್ಡೆ ಅರೆದು ತಂದ್ಯಾ? ಎಡಕ್ಕೆ ತಿರುಗಿ ಮಲಗ್ಬೇಕಾ? ಸರಿ ಸರಿ... ಹೂಂ, ನಾನೇ ವರ್ತಕರ ಸಂಘದ ಅಧ್ಯಕ್ಷ. ಎಷ್ಟು ಸಲ ಕೇಳ್ತೀಯಾ? ಹೋದ ಸಲ ಸ್ಕ್ಯಾನ್ ಮಾಡಿದೋರು ಬೇರೆ, ನೀನಲ್ಲ. ಅದನ್ನ ವಿಚಾರಿಸ್ಕೊಂಡೇ ಬಂದಿದ್ದು... ಯಾಕೆ ನಗ್ತೀಯಾ? ಬನಿಯನ್ ನೋಡಿನಾ? ತೂತು ಬಿದ್ರೆ ಏನಾಯ್ತು! ದೊಡ್ಡ ಮನುಷ್ಯರು ಒಳಗೊಳಗೇ ಸರಳವಾಗಿರ್ತೀವಿ. ಅಲ್ಲಿ ನೇತಾಕಿರೋ ಕೋಟು ನೋಡು... ದೊಗಳೆ, ಹೌದು. ಅಟ್ಯಾಕ್ ಆದ್ಮೇಲೆ ಇಳಿದುಹೋಗಿದ್ದೀನಿ.

ಹುಟ್ಟಿದ ತಾರೀಖಾ? ಅದೇ... ಅಲ್ಲಿ ಬರೆದಿದೆಯಲ್ಲಾ, ಅದನ್ನೇ ಇಟ್ಕೋ. ಅಧ್ಯಕ್ಷನೇ ಎಲ್ಲಾ ನೆನಪಿಟ್ಕೊಂಡ್ರೆ ಕಾರ್ಯದರ್ಶಿ ಯಾತಕ್ಕೆ?

ನೋಡಮ್ಮಾ, ನಾಳಿದ್ದು ಸಂಘದ ಚುನಾವಣೆ. "ಹೃದಯ ಅರ್ಧ ಸತ್ತೋನಿಗೆ ಕುರ್ಚಿ ಯಾಕೆ" ಅಂತ ಎದುರಾಳಿಗಳು ಊರೆಲ್ಲಾ ಡಂಗುರ ಸಾರ್ತಿದ್ದಾರೆ. ನೀನು ಗುಂಡಿಗೆ ಗಟ್ಟಿ ಇದೆ ಅಂತ ಬರೆದುಕೊಟ್ರೆ ಅವರ ಬಾಯಿ ಬಂದ್. ಇಲ್ಲ ಅಂದ್ರೆ ಕುರ್ಚಿ ಹೋಯ್ತು, ಅದರ ಜೊತೆ ನನ್ನ ಕೆಲಸಾನೂ... ಅಧ್ಯಕ್ಷನ ಕೆಲಸ ಅಂದೆ!

ಅಟ್ಯಾಕ್ ಹೇಗಾಯ್ತಾ? ಮೂರನೇ ಮಹಡೀಲಿ ಭಾಷಣ. "ಉಸಿರಿರೋವರೆಗೂ ನಿಮ್ಮ ಸೇವೆ" ಅಂದ್ರು... ಅಂದೆ, ಅಲ್ಲೇ ಕುಸಿದೆ. ಲಿಫ್ಟ್ ಬೇರೆ ಕೆಟ್ಟಿತ್ತು. ಹೆಗಲ ಮೇಲೆ ಹಾಕ್ಕೊಂಡು ನಾನೇ ಇಳಿಸ್ದೆ... ಥೂ, ನನ್ನನ್ನ ಇಳಿಸಿದ್ರು! ಯಾರಾ? ನಮ್ಮ ಡ್ರೈವರ್. ಬಂಗಾರದಂಥ ಮನುಷ್ಯ ಕಣಮ್ಮಾ, ಎಷ್ಟು ಹೊಗಳಿದ್ರೂ ಸಾಲದು! ಸಾಹೇಬ್ರ ಬದಲು ಪೊಲೀಸ್ ಸ್ಟೇಷನ್ನಲ್ಲಿ ಕೂತು ಬಂದಿದ್ದಾನೆ. ಸಾಹೇಬ್ರ ಹೆಸರಲ್ಲಿ ರಕ್ತ ಕೊಟ್ಟಿದ್ದಾನೆ. ಪೇಪರಲ್ಲಿ ಫೋಟೋ ಮಾತ್ರ ಸಾಹೇಬ್ರದ್ದು... ಅಂದ್ರೆ ನಂದು.

ಓಹೋ, ಪರದೆ ಮೇಲೆ ಬಡ್ಕೊಳ್ತಿರೋದು ಇದೇನಾ? ಚೆನ್ನಾಗಿ ಕುಣೀತಿದೆ! ಹೋದ ತಿಂಗಳ ಚಿತ್ರ ಪಕ್ಕದಲ್ಲಿ ಹಾಕಿದ್ಯಾ? ಹಾಕು ಹಾಕು. ಆಗ ಗುಂಡಿಗೆಯ ಮುಂದಿನ ಗೋಡೆ ಅಲ್ಲಾಡ್ತಿರಲಿಲ್ಲ, ಈಗ ಅಲ್ಲಾಡ್ತಿದೆ... ಭೇಷ್! ಏನು, ಸತ್ತ ಮಾಂಸ ಹೀಗೆ ಎದ್ದು ಕೂರಲ್ವಾ? ನಮ್ಮ ಸಂಘದಲ್ಲಿ ಸತ್ತೋರೇ ಎದ್ದು ಬಂದು ಓಟು ಹಾಕ್ತಾರೆ, ಮಾಂಸ ಏನು ಮಹಾ!

...ಯಾಕಮ್ಮಾ, ನಗಲಿಲ್ಲ? ಒತ್ತಿ ಒತ್ತಿ ಅದೇ ಜಾಗ ಯಾಕೆ ನೋಡ್ತಿದ್ದೀಯಾ? ಕೆಳಗಿನ ಗೋಡೆನಾ? ಅದಕ್ಕೇನಾಯ್ತು? ಹಳೇ ಚಿತ್ರದಲ್ಲಿ ಅದು ಸರಿಯಾಗೇ ಇದೆಯಲ್ಲಾ. ಇದರಲ್ಲಿ... ಅಲ್ಲಾಡ್ತಾನೇ ಇಲ್ಲ. ಮಿಷನ್ ಕೆಟ್ಟಿರ್ಬೇಕು. ಇನ್ನೊಂದು ಸಲ ನೋಡು. ಉಸಿರು ಹಿಡೀಲಾ? ಹಿಡಿದೆ... ಈಗ?

ಏನಂದೆ, ಇದೂ ಅಟ್ಯಾಕ್ ಆಗಿರೋ ಗುರುತಾ?

ಅವತ್ತು ಮೆಟ್ಟಿಲು ಇಳಿಯುವಾಗ ನನಗೂ ಎದೆ ಹಿಂಡಿದ ಹಾಗಾಯ್ತು. ಬೆವರು ಕಿತ್ಕೊಂಡು ಬಂತು. ಸಾಹೇಬ್ರ ಭಾರಕ್ಕೆ ಅಂದ್ಕೊಂಡೆ. ಅವರನ್ನ ಆಸ್ಪತ್ರೆಗೆ ಸೇರಿಸಿ, ಒಂದು ಸೋಡಾ ಕುಡಿದು, ಅಮ್ಮಾವ್ರನ್ನ ಕರ್ಕೊಂಡು ಬರೋಕೆ ಕಾರು ತೆಗೆದೆ...

ಹಾಗೆ ನೋಡ್ಬೇಡ. ಹೌದು. ಹೌದಮ್ಮಾ, ಡ್ರೈವರ್ ನಾನೇ. ಸಾಹೇಬ್ರು ಕೆಳಗೆ ಗಾಜು ಏರಿಸ್ಕೊಂಡು ಕಾರಲ್ಲಿ ಕೂತಿದ್ದಾರೆ. ಈ ಚೀಟಿ ಇಲ್ಲದೆ ಹೋದ್ರೆ ನನ್ನ ಮುಖಾನೂ ನೋಡಲ್ಲ... ಆದ್ರೂ ನನಗೆ ಭಯ ಆಗ್ತಿದೆ ಕಣಮ್ಮಾ. ಮನೇಲಿ ಅವಳಿಗೆ ಏನು ಹೇಳ್ಲಿ? ಟೈಪ್ ಮಾಡೋದು ಯಾಕೆ ನಿಲ್ಲಿಸ್ದೆ? ಯಾರ ಹೆಸರು ಹಾಕ್ಬೇಕು ಅಂತಾನಾ?

ಇಷ್ಟು ವರ್ಷ ನಾನು ಮಾಡಿದ್ದೆಲ್ಲಾ ಅವರ ಹೆಸರಿಗೇ ಹೋಯ್ತು. ಇದೊಂದನ್ನಾದ್ರೂ ನನ್ನ ಹೆಸರಿಗೆ ಬರ್ಕೋ, ತಾಯಿ.