ಪರದೆ ಮೇಲಿನ ಸವತಿ

ಯಹೂದಿ ಸಂಸಾರವೊಂದು ಜೀವ ಉಳಿಸ್ಕೊಂಡು ಪರದೇಶಕ್ಕೆ ಓಡಿಹೋಗಿ ಹೊಸದಾಗಿ ಒಲೆ ಹೂಡೋ ಪರಭಾಷೆ ಸಿನಿಮಾ ಆಗಷ್ಟೇ ಮುಗಿದಿತ್ತು. ಟಾಕೀಸಿನ ಮೆಟ್ಟಿಲಿಳೀತಿದ್ದ ಟೈಲರಮ್ಮನ ನೆತ್ತಿ ಮೇಲೆ ನೀರಿಟ್ಟಿದ್ರೆ ಕೊತಕೊತ ಕುದೀತಿತ್ತು. ಹಿಂದೆ ಗಂಡ, ಕರ್ಚೀಫಲ್ಲಿ ಕಣ್ಣೊರೆಸ್ಕೊಂಡು.

“ನಮ್ಮಮ್ಮ ಸತ್ತಾಗ ಒಂದು ಹನಿ ಹಾಕ್ಲಿಲ್ಲ. ಆ ಪರದೆಯವಳಿಗೆ ಕೊಡಗಟ್ಟಲೆ ಅತ್ರಲ್ಲ!”

“ಪಾಪ, ಮನೆಮಠ ಕಳ್ಕೊಂಡವಳು ಕಣೇ.”

“ಕಳ್ಕೊಂಡ್ರೂ ಬೊಗಸೆ ಕಣ್ಣು ಹಾಗೇ ಇವೆಯಲ್ಲ!”

“ಕಣ್ಣು ಯಾರು ನೋಡಿದ್ರು? ಟ್ರಂಕು ಹಿಡ್ಕೊಂಡು ಹೊಸ ಮನೆ ಬಾಗಿಲಲ್ಲಿ ನಿಂತಿದ್ಲಲ್ಲ...”

“ನಿಂತ್ರೇನೀಗ?”

“ನಮ್ಮನೆಗೆ ಬಂದ ದಿನ ನೀನೂ ಹಾಗೇ ನಿಂತಿದ್ದೆ. ಒಳಗೆ ಬಾ ಅಂತ ನಾನು ಒಂದು ಮಾತೂ ಅನ್ಲಿಲ್ಲ.”

ಟೈಲರಮ್ಮ ಮೂರು ಮೆಟ್ಟಿಲು ಇಳಿದು ಗಂಡನ ಕಡೆ ತಿರುಗಿದಳು.

“ನನ್ನ ನೆನೆಯೋಕೂ ಅವಳೇ ಬೇಕಾಯ್ತಾ?” ಅಂದವಳೇ ಗಂಡನ ಕೈಯಿಂದ ಕರ್ಚೀಫು ಕಿತ್ಕೊಂಡು ಗೇಟು ದಾಟಿದಳು.